ಗೃಹಾಂತರ ಮೀಮಾಂಸೆ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ವಾಸ್ತು, ನೆಲದೊಳಗಿನ ನೀರು ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ, ಶಕುನ ಎಲ್ಲವನ್ನೂ ಹೇಳಿದ. 16ನೆಯ ಶತಮಾನದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಬರೆದ. ದನಗಳ ಕಾಯಿಲೆಗೂ ಕೀರ್ತಿವರ್ಮನ ‘ಗೋವೈದ್ಯ’ವಿದೆ. ಮನೆ ಖಾಲಿ ಮಾಡುವುದು ಹೇಗೆಂದು ಮಾತ್ರ ಯಾರೂ ಗ್ರಂಥ ಬರೆಯಲಿಲ್ಲ. ಇವರೆಲ್ಲ ಸ್ವಂತ ಮನೆಯಲ್ಲಿದ್ದವರೆಂದು ನನ್ನ ಊಹೆ. ಹದಿನಾಲ್ಕು ವರ್ಷಗಳಲ್ಲಿ ಬೆಂಗಳೂರಿನ ಆರು ಬಾಡಿಗೆ ಮನೆ ಕಂಡ ಈ ಲೇಖಕನಿಗೆ ಆ ಕೊರತೆ ತುಂಬುವ ಅಧಿಕಾರ ತಾನಾಗಿಯೇ ಒದಗಿದೆ.

ಮೊದಲು ನಿಮಿತ್ತ ವಿಚಾರ. ಮನೆ ಬಿಡಲು ಕಾರಣಗಳು ಹಲವು ಎನ್ನುವುದು ಪೂರ್ವಪಕ್ಷ. ಅದು ತಪ್ಪು. ಕಾರಣ ಒಂದೇ: ಮಾಲೀಕರ ಮಗನಿಗೆ ಮದುವೆ ಗೊತ್ತಾಗಿದೆ. ಒಂದು ಮನೆಯಲ್ಲಿ ಮಾಲೀಕರಿಗೆ ಇದ್ದವರು ಇಬ್ಬರು ಹೆಣ್ಣುಮಕ್ಕಳು. ಅದಕ್ಕಾಗಿ ಮಗನ ಮದುವೆಯೇನೂ ನಿಲ್ಲಲಿಲ್ಲ. ಆ ಮದುವೆ ಕರಾರು ಮುಗಿಯುವ ಹನ್ನೊಂದನೆಯ ತಿಂಗಳಿಗೇ ಕೂಡಿಬರುವುದಕ್ಕೆ ಕಾನೂನಿನ ಆಧಾರವಿದೆ. 1908ರ ನೋಂದಣಿ ಕಾಯ್ದೆಯ 17ನೆಯ ಕಲಂ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು ಯಾರಿಗೂ ಬೇಡ, ಹಾಗಾಗಿ ಕರಾರು ಹನ್ನೊಂದು ತಿಂಗಳಿಗೆ. ಬ್ರಿಟಿಷರು ಹೋಗಿ ಎಷ್ಟೋ ವರ್ಷವಾಯಿತು, ಬಾಡಿಗೆದಾರನ ಹನ್ನೆರಡನೆಯ ತಿಂಗಳು ಇನ್ನೂ ಬಂದಿಲ್ಲ.

ಕಾಲ ವಿಚಾರದಲ್ಲಿ ಆಷಾಢ, ಪಿತೃಪಕ್ಷ, ಧನುರ್ಮಾಸ ನಿಷಿದ್ಧ. ಆಷಾಢದಲ್ಲಿ ಬೀದಿಗೆ ನಾಲ್ಕು ‘ಮನೆ ಬಾಡಿಗೆಗೆ ಇದೆ’ ಬೋರ್ಡು ತೂಗುತ್ತವೆ, ಬಾಡಿಗೆಯೂ ಐನೂರು ಇಳಿಯುತ್ತದೆ. ನಮ್ಮ ಅತ್ತೆಯವರು ಮಾತ್ರ ಇಳಿಯುವುದಿಲ್ಲ.

ಇನ್ನು ದ್ರವ್ಯ ವಿಚಾರ. ಈ ಶಾಸ್ತ್ರದ ತಿರುಳು ಇಲ್ಲಿದೆ. ಪ್ಯಾಕರ್ಸ್ ಆಂಡ್ ಮೂವರ್ಸ್‌ನವರು ಸಾಮಾನನ್ನು ಗಾಜಿನದು, ಮರದ್ದು, ಕರೆಂಟಿನದು ಎಂದು ವಿಂಗಡಿಸುತ್ತಾರೆ. ಅದು ಲೌಕಿಕ ದೃಷ್ಟಿ. ಸಾಮಾನೆಂದರೆ ಕರ್ಮ, ಕರ್ಮದಂತೆಯೇ ಅದೂ ಮೂರು ಬಗೆ ಎಂಬುದು ನನ್ನ ಸಿದ್ಧಾಂತ. ಈ ಜನ್ಮದಲ್ಲಿ ಅನುಭವಿಸಿಯೇ ತೀರಬೇಕಾದ್ದು ಪ್ರಾರಬ್ಧ: ಮಂಚ, ವಾಷಿಂಗ್ ಮೆಷಿನ್ನು, ಮದುವೆಯಲ್ಲಿ ಬಂದ ಕಬ್ಬಿಣದ ಬೀರು, ಫ್ರಿಜ್ಜು. ಇವುಗಳ ಬಗ್ಗೆ ಚರ್ಚೆಯಿಲ್ಲ, ಹೊರುವುದಷ್ಟೇ. ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ ನೀರಿಳಿಸಿ, ನಿಲ್ಲಿಸಿಕೊಂಡೇ ಒಯ್ಯಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆ. ಇಳಿಸಿದ ಕೂಡಲೇ ಸ್ವಿಚ್ ಒತ್ತಿದರೆ ಆ ಪ್ರಾರಬ್ಧ ಅಲ್ಲಿಗೇ ಕಳೆದುಹೋದರೂ ಹೋಯಿತು. ಹೊಸ ಮನೆಗೆ ಹೋದಮೇಲೆ ತಗಲಿಕೊಳ್ಳುವುದು ಆಗಾಮಿ. ಹಳೆಯ ಪರದೆ ಹೊಸ ಕಿಟಕಿಗೆ ಯಾವಾಗಲೂ ಆರು ಇಂಚು ಗಿಡ್ಡ.

ಸಂಚಿತದ್ದೇ ಸಂಕಟ. ಅದರ ಸ್ಥಾನ ಅಟ್ಟ. ಮಿಕ್ಸಿಯ ಮುಚ್ಚಳ (ಮಿಕ್ಸಿ ಎರಡನೆಯ ಮನೆಯಲ್ಲೇ ತೀರಿಕೊಂಡಿದೆ), ಹಳೆಯ ಟಿವಿಯ ಥರ್ಮೋಕೋಲು, ಯಾವ ಬೀಗದ್ದೆಂದು ಯಾರಿಗೂ ತಿಳಿಯದ ಬೀಗದಕೈ ಗೊಂಚಲು, ಮಗಳು ಮೂರನೆಯ ಕ್ಲಾಸಿನಲ್ಲಿ ಮಾಡಿದ ಜ್ವಾಲಾಮುಖಿ, ಮುಂದಿನ ಯಾವುದೋ ಮದುವೆಗೆ ಉಡುಗೊರೆಯಾಗಿ ದಾಟಿಸಲೆಂದು ಕಾಪಾಡಿದ ಲೆಮನ್ ಸೆಟ್. ಒಂದೊಂದನ್ನೂ ಕೈಗೆತ್ತಿಕೊಂಡಾಗ ಮನೆಯವರ ಬಾಯಲ್ಲಿ ‘ಇರಲಿ’ ಎಂದು ಹೊರಡುತ್ತದೆ. ಅದು ಈ ಶಾಸ್ತ್ರದ ಬೀಜಾಕ್ಷರ. ಮೊದಲನೆಯ ಮನೆಯಲ್ಲಿ ಹಗ್ಗ ಬಿಗಿದು ‘ಇತರೆ’ ಎಂದು ಬರೆದಿಟ್ಟ ಡಬ್ಬವೊಂದು ಅಟ್ಟದಿಂದ ಅಟ್ಟಕ್ಕೆ ನಡೆದು ಆರನೆಯ ಮನೆಗೆ ಬಂದಿದೆ. ಹಗ್ಗ ಎರಡು ಸಲ ಬದಲಾಗಿದೆ, ಡಬ್ಬ ಒಂದು ಸಲವೂ ತೆರೆದಿಲ್ಲ. ಜ್ಞಾನ ಬಂದರೆ ಸಂಚಿತವೆಲ್ಲ ಸುಟ್ಟುಹೋಗುತ್ತದೆ ಎನ್ನುತ್ತಾರೆ ವೇದಾಂತಿಗಳು. ನನಗೆ ಜ್ಞಾನ ಬಂದು ಹಳೇ ಪೇಪರಿನವನನ್ನು ಕರೆದೆ. ಮನೆಯವರು ಅವನಿಗೆ ಕಾಫಿ ಕೊಟ್ಟು ವಾಪಸ್ ಕಳಿಸಿದರು.

ಈ ಸಲ ಕಟ್ಟಿದ ಇಪ್ಪತ್ತಮೂರು ಡಬ್ಬಗಳಲ್ಲಿ ಹದಿನಾಲ್ಕು ‘ಇತರೆ’ ಆದವು. ಉಳಿದ ಒಂಬತ್ತಕ್ಕೆ ಹೆಸರೇ ಇಲ್ಲ. ಬರೆಯುವ ಪೆನ್ನು ಹದಿನಾಲ್ಕನೆಯದರೊಳಗೆ ಹೋಗಿಬಿಟ್ಟಿತ್ತು.

ಇಲ್ಲೊಂದು ಪದವಿಚಾರ. ಮಂಚ ಬಿಚ್ಚಿದಾಗ ಬಂದ ಎಂಟು ಬೋಲ್ಟುಗಳನ್ನು ನಾನು ಜೋಪಾನವಾಗಿ ಎತ್ತಿಟ್ಟೆ. ಜೋಪಾನವೆಂದರೆ ಎಚ್ಚರಿಕೆಯಿಂದ ಕಾಯುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಇಟ್ಟವನಿಗೂ ಸಿಗದ ಹಾಗೆ ಇಡುವುದು ಎಂಬುದೇ ಅದರ ನಿಜವಾದ ಅರ್ಥ. ಮೂರು ವಾರ ನೆಲದ ಮೇಲೆ ಮಲಗಿದೆವು. ಬಿಚ್ಚಿದ ಬೋಲ್ಟನ್ನು ಅದು ಬಂದ ಮರಕ್ಕೇ ಟೇಪು ಹಾಕಿ ಅಂಟಿಸಬೇಕೆಂದು ಆಮೇಲೆ ಬಂದ ಬಡಗಿ ಹೇಳಿದ. ಈ ಪ್ರಬಂಧದಲ್ಲಿ ನಿಮಗೆ ಉಪಯೋಗಕ್ಕೆ ಬರುವ ಮಾತು ಬಹುಶಃ ಅದೊಂದೇ, ಅದೂ ನನ್ನದಲ್ಲ.

ಮುಹೂರ್ತ ಶನಿವಾರ. ಶನಿವಾರದ ರಾಹುಕಾಲ 9ರಿಂದ 10.30. ಏಳಕ್ಕೆ ಬರುತ್ತೇನೆಂದ ಗಾಡಿಯವನು 9 ಗಂಟೆ 5 ನಿಮಿಷಕ್ಕೆ ಬರುತ್ತಾನೆಂದು ಪೂರ್ವಾನುಭವದಿಂದ ತಿಳಿದಿದ್ದ ಅತ್ತೆಯವರು ಹಿಂದಿನ ರಾತ್ರಿಯೇ ತೀರ್ಪು ಕೊಟ್ಟಿದ್ದರು: ದೇವರ ಪಟ, ತುಂಬಿದ ಕೊಡ, ಅಕ್ಕಿ, ಬೇಳೆ, ಉಪ್ಪು, ಅರಿಶಿನ ಬೆಳಗಿನ ಆರಕ್ಕೇ ಆಟೋದಲ್ಲಿ ಹೋಗಿ ಹಾಲು ಉಕ್ಕಿಸಿದರೆ ಮನೆ ಹೊಕ್ಕ ಹಾಗೆ. ಸೋಫಾಕ್ಕೇನು ಜಾತಕವೇ? ಅದು ಯಾವಾಗಲಾದರೂ ಬರಲಿ. ಹಳೇ ಪೊರಕೆ ಮಾತ್ರ ಬರಕೂಡದು.

ಆದರೆ ಹಾಲು ಉಕ್ಕಬೇಕಲ್ಲ. ಕಾದ ಹಾಲಿನ ಮೇಲೆ ಪ್ರೋಟೀನು, ಕೊಬ್ಬು ಸೇರಿ ಪದರ ಕಟ್ಟುತ್ತದೆ. ಕೆಳಗಿನ ಆವಿ ಹೊರಹೋಗಲಾಗದೆ ನೊರೆಯನ್ನು ಮೇಲಕ್ಕೆತ್ತುತ್ತದೆ. ವಿಜ್ಞಾನ ಇಷ್ಟನ್ನು ಹೇಳಿ ಸುಮ್ಮನಾಗುತ್ತದೆ. ದಿನವೂ ಅರ್ಧ ನಿಮಿಷ ಕಣ್ಣು ತಪ್ಪಿದರೆ ಉಕ್ಕುವ ಹಾಲು, ಐದು ಜನ ಕೈಮುಗಿದು ನಿಂತರೆ ಯಾಕೆ ಉಕ್ಕುವುದಿಲ್ಲ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅಗಲ ಬಾಯಿಯ ಪಾತ್ರೆಗೆ ಅರ್ಧ ಲೀಟರ್ ನಂದಿನಿ ಸುರಿದು ಹತ್ತು ನಿಮಿಷ ಕಾದೆವು. ಹಾಲು ಬತ್ತುತ್ತ ಹೋಯಿತು. ಅತ್ತೆಯವರು ಅದನ್ನು ಚಿಕ್ಕ ಪಾತ್ರೆಗೆ ಕಂಠಮಟ್ಟ ಬಗ್ಗಿಸಿ, ಪೂರ್ವಕ್ಕೇ ಉಕ್ಕಲೆಂದು ಒಲೆಯ ಪಶ್ಚಿಮದ ಕಾಲ ಕೆಳಗೆ ಮಡಚಿದ ರಟ್ಟು ಇಟ್ಟರು. ಉಕ್ಕಿತು, ಪೂರ್ವಕ್ಕೇ ಉಕ್ಕಿತು. ಜ್ವಾಲೆಯೂ ಆರಿತು. ಮತ್ತೆ ಹಚ್ಚಲು ಲೈಟರು ‘ಇತರೆ’ಯೊಳಗಿತ್ತು. ಮೊದಲನೆಯ ಸಲ ಹಚ್ಚಿದ್ದು ಎದುರು ಮನೆಯವರ ಬೆಂಕಿಪೊಟ್ಟಣದಿಂದ; ಅದನ್ನು ಆಗಲೇ ವಾಪಸ್ ಕೊಟ್ಟಾಗಿತ್ತು.

ಗಾಡಿ ನಿರೀಕ್ಷೆಯಂತೆ ರಾಹುಕಾಲದಲ್ಲೇ ಬಂತು. ವಾಹನ ಟಾಟಾ ಏಸ್, ಬಳಕೆಯ ಹೆಸರು ‘ಛೋಟಾ ಹಾಥಿ’. 2005ರಲ್ಲಿ ರಸ್ತೆಗಿಳಿದದ್ದು, ಹೊರುವುದು ಸುಮಾರು ಮುಕ್ಕಾಲು ಟನ್. ‘ಜಾಸ್ತಿ ಏನಿಲ್ಲ, ನಾಲ್ಕು ಜನರ ಸಾಮಾನು’ ಎಂದು ಫೋನಿನಲ್ಲಿ ಹೇಳಿದ್ದೆ. ಬಂದವನು ಬಾಗಿಲಲ್ಲೇ ನಿಂತು ಅಟ್ಟದ ಕಡೆ ನೋಡಿದ. ‘ಸಾರ್, ಎರಡು ಟ್ರಿಪ್ಪಾಗುತ್ತೆ. ಆ ಕಡೆ ಲಿಫ್ಟ್ ಇದೆಯಾ?’ ಅಂದ. ಹೊಸ ಮನೆ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ.

ಕಾಗದ ಪತ್ರಗಳ ವಿಚಾರ ನೀರಸ, ಬೇಗ ಮುಗಿಸುತ್ತೇನೆ. ಬಿಡುವ ದಿನ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಗೃಹಜ್ಯೋತಿಯನ್ನು ಹಳೆಯ ಆರ್‌ಆರ್ ನಂಬರಿನಿಂದ ಬಿಡಿಸಿ ಹೊಸದಕ್ಕೆ ಜೋಡಿಸಿ. ಮತದಾರರ ಪಟ್ಟಿಗೆ ನಮೂನೆ 8 ಕೊಡಿ. ಮರೆತರೆ ಮುಂದಿನ ಚುನಾವಣೆಯ ದಿನ ಹಳೆಯ ಮಾಲೀಕರ ಎದುರೇ ಕ್ಯೂ ನಿಲ್ಲಬೇಕಾಗುತ್ತದೆ.

ಮೋಕ್ಷ ಪ್ರಕರಣ ಎಂದರೆ ಅಡ್ವಾನ್ಸ್ ವಾಪಸ್ ಬರುವುದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಡುವ ಸಂಪ್ರದಾಯ ಹಳೆಯದು. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕೆನ್ನುತ್ತದೆ. ಮಾದರಿ ಇರುವುದು ಮೆಚ್ಚುವುದಕ್ಕೆ, ಅನುಸರಿಸುವುದಕ್ಕಲ್ಲ ಎಂಬುದು ಮಾಲೀಕರ ಭಾಷ್ಯ. ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಮುರಿದುಕೊಂಡರು. ಹೊಸ ಮನೆಯ ಹಿಂದಿನ ಬಾಡಿಗೆದಾರನಿಂದಲೂ ಹೀಗೆಯೇ ಮುರಿದುಕೊಂಡಿದ್ದರಂತೆ. ನಾವು ಒಳಗೆ ಕಾಲಿಟ್ಟಾಗ ಅವನ ಮಗು ಕ್ರೇಯಾನಿನಲ್ಲಿ ಬರೆದ ಅ ಆ ಇ ಈ ಹಾಲಿನ ಗೋಡೆಯ ಮೇಲೆ ಹಾಗೇ ಇತ್ತು. ‘ಈ’ ತಿರುಗುಮುರುಗಾಗಿತ್ತು.

ಈ ಮನೆಯಲ್ಲಿ ಈಗ ಒಂಬತ್ತನೆಯ ತಿಂಗಳು. ಮೊನ್ನೆ ಮಾಲೀಕರು ಕಾಫಿಗೆ ಕರೆದು, ಮಗನಿಗೆ ಹುಡುಗಿ ನೋಡುತ್ತಿದ್ದೇವೆ ಎಂದರು. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ಎರಡು ಕೋಣೆ, ಕಾವೇರಿ ನೀರು, ಶ್ರಾವಣಕ್ಕೆ ಖಾಲಿಯಾಗುವ ಮನೆ ನಿಮ್ಮ ಬೀದಿಯಲ್ಲಿದ್ದರೆ ತಿಳಿಸಿ. ಅಟ್ಟ ಮಾತ್ರ ಇರಬಾರದು.