ಅಗ್ಗದ ಬಾಡು: ಹಳೇ ಮೈಸೂರು ಸೀಮೆಯನ್ನು ಅನುಲಕ್ಷಿಸಿ ಒಂದು ಅಧ್ಯಯನ

1. ಪ್ರಸ್ತಾವನೆ

ಕುರಿ ಮಾಂಸ ಕೆಜಿಗೆ 800 ರೂಪಾಯಿಯ ಆಸುಪಾಸಿಗೆ ಬಂದು ಕೂತ ಮೇಲೆ ಹಳೇ ಮೈಸೂರು ಸೀಮೆಯ ಭಾನುವಾರ ಒಂದು ಗಂಭೀರ ಶೈಕ್ಷಣಿಕ ಸಮಸ್ಯೆಯಾಗಿದೆ. ಬೆಳಗ್ಗೆ ಏಳಕ್ಕೆ ಅಂಗಡಿ ಮುಂದೆ ನಿಂತು, ಕೊಕ್ಕೆಗೆ ನೇತುಹಾಕಿದ ತೊಡೆಯನ್ನು ಭಕ್ತಿಯಿಂದ ನೋಡಿ, ಮನಸ್ಸಿನಲ್ಲೇ ಭಾಗಾಕಾರ ಮಾಡಿ, ಕೊನೆಗೆ ‘ಅರ್ಧ ಕೆಜಿ ಹಾಕಣ್ಣ’ ಎಂದು ದನಿ ತಗ್ಗಿಸುವ ಗೃಹಸ್ಥನಿಗೆ ವಿದ್ವತ್ ಲೋಕದಲ್ಲಿ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಆ ಕೊರತೆಯನ್ನು ಯಥಾಶಕ್ತಿ ತುಂಬುವುದು ಈ ಪ್ರಬಂಧದ ಉದ್ದೇಶ.

ಪ್ರಧಾನ ಪ್ರಶ್ನೆ: ಕುರಿಯಲ್ಲಿ ಇನ್ನೂ ಅಗ್ಗವಾಗಿ ಉಳಿದಿರುವ ಭಾಗ ಯಾವುದು? ಉಪಪ್ರಶ್ನೆ: ಆ ಸಂಗತಿ ನಾಲ್ಕು ಜನಕ್ಕೆ ತಿಳಿದ ಮೇಲೂ ಅದು ಅಗ್ಗವಾಗಿಯೇ ಉಳಿದೀತೆ? ಕೋಳಿ, ಮೀನು, ಮೊಟ್ಟೆಗಳನ್ನು ಪೂರಕ ಆಕರಗಳಾಗಿ ಪರಿಗಣಿಸಲಾಗಿದೆ. ಸೋಯಾ ಚಂಕ್ಸ್ ಅನ್ನು ಪರಿಗಣಿಸಿಲ್ಲ.

2. ಪೂರ್ವಸೂರಿಗಳು

ಈ ಕ್ಷೇತ್ರದ ಆದ್ಯರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಪ್ರಮುಖ. 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ ಈತ, ಅನ್ನಭೋಗದ ಪ್ರಕರಣದಲ್ಲಿ ಕುರಿಯ ಕರುಳು, ರಕ್ತ, ಕೊನೆಗೆ ಹೊಲದ ಇಲಿಯ ಅಡುಗೆಗೂ ಜಾಗ ಕೊಟ್ಟಿದ್ದಾನೆ. ಇಡೀ ಮಂದೆಯನ್ನೇ ಕೊಯ್ಯಿಸಬಲ್ಲ ಚಕ್ರವರ್ತಿ ಕರುಳಿಗೆ ಕೈ ಹಾಕಿದ್ದೇಕೆ ಎಂಬುದಕ್ಕೆ ಉತ್ತರ ಸರಳ: ರುಚಿ. ಹಣದುಬ್ಬರಕ್ಕೂ ಬೋಟಿಗೂ ಗಂಟು ಹಾಕುವ ವಿದ್ವಾಂಸರು ಇದನ್ನು ಗಮನಿಸಬೇಕು. ಇನ್ನು 16ನೆಯ ಶತಮಾನದ ಮೂರನೆಯ ಮಂಗರಸ ಕನ್ನಡದಲ್ಲೇ ‘ಸೂಪಶಾಸ್ತ್ರ’ ಬರೆದನಾದರೂ, ಜೈನನಾದ ಕಾರಣ ಪ್ರಸ್ತುತ ವಿಷಯದಲ್ಲಿ ಆತನಿಂದ ಏನೂ ಉಪಯೋಗವಿಲ್ಲ.

ಪಾಶ್ಚಾತ್ಯರ ಪೈಕಿ ಮೊದಲು ನೆನೆಯಬೇಕಾದವನು ಫ್ರಾನ್ಸಿನ ಡೆನಿ ಪಾಪ್ಯಾಂ. 1679ರಲ್ಲಿ ಆತ ಕುಕ್ಕರಿನ ಮೂಲಪುರುಷನನ್ನು ಕಟ್ಟಿದ್ದೇ ಎಲುಬನ್ನು ಬೇಯಿಸಿ ಮೆತ್ತಗೆ ಮಾಡಲಿಕ್ಕೆ. ಬಿಸಾಡುವ ಎಲುಬಿನಿಂದ ಬಡವರ ಹೊಟ್ಟೆ ತುಂಬೀತು ಎಂಬುದು ಅವನ ಲೆಕ್ಕ. 1682ರ ಏಪ್ರಿಲಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪಂಡಿತರಿಗೆ ಆತ ತನ್ನ ಪಾತ್ರೆಯಲ್ಲಿ ಬೇಯಿಸಿದ ಊಟ ಬಡಿಸಿದ. ಉಂಡವರಲ್ಲಿ ಒಬ್ಬನಾದ ಜಾನ್ ಈವ್ಲಿನ್, ದನ ಕುರಿಗಳ ಅತಿ ಗಟ್ಟಿ ಎಲುಬೂ ಮೆತ್ತಗಾಗಿದ್ದನ್ನು ದಿನಚರಿಯಲ್ಲಿ ದಾಖಲಿಸಿದ್ದಾನೆ. ವಿಜ್ಞಾನದ ಇತಿಹಾಸದಲ್ಲಿ ಪ್ರಾತ್ಯಕ್ಷಿಕೆಯನ್ನು ತಟ್ಟೆ ಖಾಲಿಯಾಗುವಷ್ಟು ಶ್ರದ್ಧೆಯಿಂದ ಪರಿಶೀಲಿಸಿದ ನಿದರ್ಶನಗಳು ಹೆಚ್ಚಿಲ್ಲ.

ಎಲುಬಿನ ಮೇಲಿನ ಈ ವಿಶ್ವಾಸ 19ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಅತಿರೇಕಕ್ಕೆ ಹೋಯಿತು. ಎಲುಬಿನಿಂದ ತೆಗೆದ ಜೆಲಟಿನ್ನನ್ನೇ ಆಸ್ಪತ್ರೆಗಳಲ್ಲಿ, ಬಡವರ ಊಟದಲ್ಲಿ ಮಾಂಸದ ಬದಲು ಕೊಟ್ಟರು. ವಿಜ್ಞಾನ ಅಕಾಡೆಮಿ ಒಂದು ಆಯೋಗ ನೇಮಿಸಿತು. ಶರೀರಶಾಸ್ತ್ರಜ್ಞ ಮಜಾಂದಿಯ ನೇತೃತ್ವದ ಆ ಆಯೋಗ ನಾಯಿಗಳಿಗೆ ಜೆಲಟಿನ್ ತಿನ್ನಿಸಿ ನೋಡಿ, 1841ರಲ್ಲಿ ಬರೇ ಜೆಲಟಿನ್ನಿನಿಂದ ಜೀವ ಹಿಡಿದುಕೊಂಡಿರಲು ಆಗದೆಂದು ವರದಿ ಕೊಟ್ಟಿತು. ಕಾಲು ಸೂಪು ಕುಡಿದು ‘ಬಲ ಬಂತು’ ಎನ್ನುವವರಿಗೆ ಬಲ ಬಂದಿರುವುದು ಜೊತೆಗೆ ತಿಂದ ಮುದ್ದೆಯಿಂದ ಇರಬಹುದೇ ಎಂಬ ಅನುಮಾನಕ್ಕೆ ಇಲ್ಲಿ ಆಧಾರವಿದೆ. ಅದನ್ನು ಮಂಡ್ಯದಲ್ಲಿ ಗಟ್ಟಿಯಾಗಿ ಹೇಳದಿರುವುದು ಕ್ಷೇಮ.

ಮಂಡ್ಯದ ಮಾತು ಬಂದಿದ್ದರಿಂದ ಒಂದು ಸಮಕಾಲೀನ ಆಕರ. 2024ರ ಡಿಸೆಂಬರಿನಲ್ಲಿ ಅಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮುಂಚೆ, ಊಟದಲ್ಲಿ ಬಾಡು ಇರಬೇಕೆಂಬ ಬೇಡಿಕೆ ನಾಡಿನಾದ್ಯಂತ ಚರ್ಚೆಯಾಯಿತು. ಗೋಷ್ಠಿಗಳ ವಿಷಯ ಮರೆತವರಿಗೂ ಆ ಚರ್ಚೆ ನೆನಪಿದೆ.

3. ಬೆಲೆಯ ಕಾರಣ ಮೀಮಾಂಸೆ

ಕರ್ನಾಟಕದಲ್ಲಿ ಕುರಿಗೆ ಬರವಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಇಲ್ಲಿ 1.1 ಕೋಟಿ ಕುರಿಗಳಿವೆ. ದೇಶದಲ್ಲಿ ತೆಲಂಗಾಣ, ಆಂಧ್ರ ಬಿಟ್ಟರೆ ನಾವೇ. ಹೀಗಿದ್ದೂ ಬೆಲೆ ಏಕೆ ಏರಿತು? ಒಂದು ಕಾರಣ ಕುರಿಯ ಅಂಗರಚನೆಯಲ್ಲೇ ಇದೆ. ಜೀವಂತ 25 ಕೆಜಿ ತೂಗುವ ಕುರಿ ಕೊಕ್ಕೆಗೆ ಏರುವಾಗ 11–12 ಕೆಜಿಗೆ ಇಳಿದಿರುತ್ತದೆ. ಉಳಿದದ್ದು ಚರ್ಮ, ತಲೆ, ಕಾಲು, ಹೊಟ್ಟೆ, ಕರುಳು ಮತ್ತು ಆ ಹೊತ್ತಿಗೆ ಅದು ತಿಂದಿದ್ದ ಸೊಪ್ಪು. ಅಮೀನಗಡದಂಥ ಕುರಿಸಂತೆಯಿಂದ ಬೆಂಗಳೂರಿನ ಅಂಗಡಿಯವರೆಗಿನ ಲಾರಿ ಬಾಡಿಗೆ, ಮಧ್ಯವರ್ತಿಯ ಪಾಲು, ಅಂಗಡಿ ಬಾಡಿಗೆ ಎಲ್ಲವೂ ಆ 11–12 ಕೆಜಿಯ ತಲೆ ಮೇಲೆ ಕೂರುತ್ತವೆ.

ಎರಡನೆಯದು ಬೋರ್ಡು. ಬನ್ನೂರು ಕುರಿ ಗಿಡ್ಡ ಕಾಲಿನ, ದುಂಡು ಮೈಯ, ರುಚಿಗೆ ಹೆಸರಾದ ತಳಿ. ಮಂಡ್ಯ ತಳಿ ಎಂದೂ ಕರೆಯುತ್ತಾರೆ. ಶುದ್ಧ ತಳಿಯ ಕುರಿಗಳ ಸಂಖ್ಯೆ ಇಳಿಯುತ್ತಾ ಬಂದಿದೆ. ಆದರೆ ‘ಇಲ್ಲಿ ಬನ್ನೂರು ಕುರಿ ಮಾಂಸ ದೊರೆಯುತ್ತದೆ’ ಎಂಬ ಬೋರ್ಡುಗಳ ಸಂಖ್ಯೆ ಏರುತ್ತಲೇ ಇದೆ. ಈ ಎರಡು ರೇಖೆಗಳು ಯಾವ ವರ್ಷ ಒಂದನ್ನೊಂದು ಕತ್ತರಿಸಿದವು ಎಂಬುದು ಸಂಖ್ಯಾಶಾಸ್ತ್ರಜ್ಞರಿಗೆ ಬಿಟ್ಟದ್ದು.

ಮೂರನೆಯದು ಪಂಚಾಂಗ. ಶ್ರಾವಣ, ಕಾರ್ತಿಕಗಳಲ್ಲಿ ಜನ ಬಾಡು ಬಿಡುತ್ತಾರೆ, ಕೋಳಿ ಬೆಲೆ ಇಳಿಯುತ್ತದೆ. ಪಿತೃಪಕ್ಷ ಬಂದರೆ ಹಿರಿಯರಿಗೆ ಎಡೆ ಇಡಬೇಕು, ಬೆಲೆ ಏರುತ್ತದೆ. ಸಾಮಾನ್ಯ ಗ್ರಾಹಕ ಬೆಲೆ ಹೆಚ್ಚಾದರೆ ಕಡಿಮೆ ಕೊಳ್ಳುತ್ತಾನೆ ಎಂದು ಅರ್ಥಶಾಸ್ತ್ರ ಹೇಳುತ್ತದೆ. ತೀರಿಹೋದ ತಾತನ ಬೇಡಿಕೆ ಬೆಲೆಗೆ ಬಗ್ಗುವುದಿಲ್ಲ ಎಂಬುದು ಆ ಶಾಸ್ತ್ರದ ಪಠ್ಯಗಳಲ್ಲಿ ಸೇರ್ಪಡೆಯಾಗಬೇಕಿದೆ.

ಹಾಗಾದರೆ ಕೋಳಿಗೆ ಹೋಗೋಣವೆ? ಬ್ರಾಯ್ಲರ್ ಕೋಳಿ ಸುಮಾರು 40 ದಿನದಲ್ಲಿ ಎರಡು ಕೆಜಿ ದಾಟುತ್ತದೆ. ಸಾಕಣೆಯ ಖರ್ಚಿನಲ್ಲಿ ಮೂರನೇ ಎರಡು ಭಾಗದಷ್ಟು ಮೇವಿನದೇ, ಮೇವಿನ ದೊಡ್ಡ ಪಾಲು ಮುಸುಕಿನ ಜೋಳದ್ದು. ಇತ್ತೀಚಿನ ವರ್ಷಗಳಲ್ಲಿ ಆ ಜೋಳ ಎಥೆನಾಲ್ ಆಗಿ ಪೆಟ್ರೋಲಿಗೂ ಸೇರತೊಡಗಿದೆ. ದಾವಣಗೆರೆ, ಹಾವೇರಿಯ ಜೋಳಕ್ಕಾಗಿ ಕೋಳಿಯೂ ಕಾರೂ ಪೈಪೋಟಿಗೆ ಬಿದ್ದಿವೆ. ಇಬ್ಬರಲ್ಲಿ ಮೊಟ್ಟೆ ಇಡುವವರು ಯಾರು ಎಂಬುದನ್ನು ನೀತಿ ನಿರೂಪಕರು ಪರಿಗಣಿಸಬಹುದು.

ದನದ ಮಾಂಸ ಬಹಳ ಮನೆಗಳಲ್ಲಿ ಅಗ್ಗದ ಬಾಬತ್ತಾಗಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆಯ ನಂತರ ರಾಜ್ಯದಲ್ಲಿ 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ಆ ಯೋಗ. ವಯಸ್ಸಿನ ದಾಖಲೆ ಕೇಳುವ ಅಧಿಕಾರಿ ಸುಳ್ಳಿಗೆ ಮರುಳಾಗಬಹುದು, ಕುಕ್ಕರಿನ ವಿಷಲ್ ಎಣಿಸುವ ಗೃಹಿಣಿ ಮರುಳಾಗುವುದಿಲ್ಲ. ಕರಾವಳಿಯವರಿಗೆ ಬೂತಾಯಿ ಇದೆ. ಆದರೆ ಜೂನ್, ಜುಲೈ ಸೇರಿ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಅಟ್ಟದ ಡಬ್ಬಿಯ ಒಣ ಸಿಗಡಿ ಚಟ್ನಿಯಾಗಿ ಮನೆಯ ಮಾನ ಕಾಯುತ್ತದೆ. ಬಯಲುಸೀಮೆಯವರಿಗೆ ಕೆರೆಯ ಜಿಲೇಬಿ ಮೀನು ಇದೆ. ಅದರ ಮುಳ್ಳು ಬಿಡಿಸುವಷ್ಟು ಹೊತ್ತಿನಲ್ಲಿ ಹಸಿವು ತಾನಾಗಿ ಅರ್ಧ ತಣಿಯುವುದು ಹೆಚ್ಚುವರಿ ಉಳಿತಾಯ.

4. ಕೀರ್ತಿ–ಬೆಲೆ ಪ್ರಮೇಯ

ಪ್ರಬಂಧದ ಕೇಂದ್ರ ಸಿದ್ಧಾಂತ ಇದು: ಕುರಿಯ ಯಾವುದೇ ಭಾಗ, ಅದರ ಒಳ್ಳೆಯತನ ಬಾಯಿಂದ ಬಾಯಿಗೆ ಹರಡುವವರೆಗೆ ಮಾತ್ರ ಅಗ್ಗ.

ತಲೆ, ಕಾಲು ಒಂದು ಕಾಲಕ್ಕೆ ಖಾಯಂ ಗಿರಾಕಿಗೆ ಹೆಚ್ಚುಕಡಿಮೆ ಕೊಸರಾಗಿ ಸಿಗುತ್ತಿದ್ದವು. ಮೂಳೆ ಮುರಿದವರಿಗೆ, ಬಾಣಂತಿಯರಿಗೆ ಕಾಲು ಸೂಪು ಒಳ್ಳೆಯದು ಎಂದು ಊರೆಲ್ಲ ಹೇಳತೊಡಗಿದ್ದೇ ತಡ, ನಾಲ್ಕು ಕಾಲು ಒಂದು ಸೆಟ್ಟಾಯಿತು, ಸೆಟ್ಟಿಗೊಂದು ರೇಟಾಯಿತು, ಗ್ಯಾಸ್ ಬರ್ನರಿನಲ್ಲಿ ಸುಟ್ಟು ಕೂದಲು ಕೆರೆದು ಕೊಡಲು ಪ್ರತ್ಯೇಕ ಕೂಲಿಯಾಯಿತು. ಲಿವರಿನಲ್ಲಿ ಕಬ್ಬಿಣಾಂಶ, ಎ ಮತ್ತು ಬಿ-12 ಜೀವಸತ್ವ ಹೇರಳ ಎಂದು ಡಾಕ್ಟರು ಹೇಳಿದ ಮೇಲೆ ಅದು ತೊಡೆಮಾಂಸದ ಸಮಕ್ಕೆ ಎದ್ದು ನಿಂತಿತು. ಮಿದುಳು ಹೋಟೆಲಿನವರ ಪಾಲಾಯಿತು.

ಉಳಿದಿರುವುದು ಬೋಟಿ. ಅದು ಅಗ್ಗವಾಗಿ ಉಳಿಯಲು ಕಾರಣ ಅದರ ಹಿಂದಿರುವ ದುಡಿಮೆ. ಕರುಳನ್ನು ಸಣ್ಣ ಕಡ್ಡಿ ತೂರಿಸಿ ಒಳಮೈ ಹೊರಗೆ ಮಾಡಿ ಮಗುಚಬೇಕು. ನಲ್ಲಿ ನೀರಿನ ಕೆಳಗೆ ಹಿಡಿದು ಎರಡು ಬೆರಳಲ್ಲಿ ಜಾರಿಸುತ್ತಾ ತೊಳೆಯಬೇಕು. ಹೊಟ್ಟೆಯ ಚೀಲವನ್ನು ಕುದಿನೀರಿಗೆ ಅದ್ದಿ, ಸುಣ್ಣ ಸವರಿ, ಚಾಕುವಿನ ಮೊಂಡ ಬದಿಯಿಂದ ಟವೆಲ್ಲಿನಂಥ ಆ ಕಪ್ಪು ಪದರವನ್ನು ಕೆರೆಯಬೇಕು. ನೀರು ಹೆಚ್ಚು ಕುದಿದರೆ ಪದರ ಅಂಟಿಕೊಂಡು ಕೂರುತ್ತದೆ, ಕಡಿಮೆಯಾದರೆ ಏಳುವುದೇ ಇಲ್ಲ. ಆಮೇಲೆ ಕಲ್ಲುಪ್ಪು, ಅರಿಶಿನ ಹಾಕಿ ತಿಕ್ಕಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯುವುದು. ಅಷ್ಟರಲ್ಲಿ ವಾಸನೆ ಹಿತ್ತಲು ದಾಟಿ ಬೀದಿಗೆ ಹೋಗಿ, ಇವತ್ತು ಯಾರ ಮನೆಯಲ್ಲಿ ಏನು ಎಂಬುದನ್ನು ಸಾರಿ ಬಂದಿರುತ್ತದೆ. ದುಡ್ಡಿನಲ್ಲಿ ಉಳಿದದ್ದನ್ನು ಮನೆಯ ಹೆಂಗಸರು ರಟ್ಟೆಯಲ್ಲಿ ಕೊಟ್ಟಿರುತ್ತಾರೆ. ‘ಬೋಟಿ ಅಗ್ಗ’ ಎನ್ನುವ ಗಂಡಸರ ಲೆಕ್ಕದಲ್ಲಿ ಆ ಬಾಬತ್ತು ಕಾಣುವುದಿಲ್ಲ.

ಕ್ಷೇತ್ರಕಾರ್ಯದ ವೇಳೆ ಹುಣಸೆ ಕೊರಡಿನ ಮುಂದೆ ದಾಖಲಾದ ಒಂದು ಸಂವಾದ:

‘ಅಣ್ಣಾ, ಮೂಳೆ ಸ್ವಲ್ಪ ಕಮ್ಮಿ ಹಾಕು.’

‘ಮೂಳೆ ಇಲ್ದೆ ಕುರಿ ಸಂತೆಯಿಂದ ಹೆಂಗಕ್ಕಾ ನಡ್ಕಂಡ್ ಬತ್ತದೆ?’

‘ಲಾರೀಲಿ ತಾನೆ ಬರೋದು?’

ಅಂಗಡಿಯವನು ನಿರುತ್ತರನಾಗಿ ಒಂದು ತುಂಡು ಮೂಳೆ ತೆಗೆದು, ಒಂದು ತುಂಡು ಕೊಬ್ಬು ಹಾಕಿದ. ತಕ್ಕಡಿ ಅಲುಗಲಿಲ್ಲ.

5. ಗುಡ್ಡೆ: ಒಂದು ಗಣಿತೀಯ ವಿವೇಚನೆ

ಪೋಲೆಂಡಿನ ಗಣಿತಜ್ಞ ಹ್ಯೂಗೋ ಸ್ಟೈನ್‌ಹೌಸ್ 1940ರ ದಶಕದಲ್ಲಿ ನ್ಯಾಯವಾದ ಹಂಚಿಕೆಯ ಸಮಸ್ಯೆಯನ್ನು ಗಣಿತಕ್ಕೆ ತಂದ. ನಮ್ಮ ಹಳ್ಳಿಗಳಲ್ಲಿ ಅದು ಹೊಸತೊಡಕಿನ ಬೆಳಗ್ಗೆ ಬಗೆಹರಿಯುತ್ತದೆ. ಯುಗಾದಿಯ ಮಾರನೆಯ ದಿನ ಹತ್ತಾರು ಮನೆಯವರು ಸೇರಿ ತಂದ ಕುರಿ ಕೊಯ್ದು, ಎಲೆ ಹಾಸಿ, ಮನೆಗೊಂದು ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ತೊಡೆಯದೊಂದಿಷ್ಟು, ಪಕ್ಕೆಯದೊಂದಿಷ್ಟು, ಲಿವರಿನ ಚೂರು, ಬೋಟಿಯ ತುಂಡು. ತಕ್ಕಡಿ ಇಲ್ಲ. ನಂತರ ಒಬ್ಬ ಗುಡ್ಡೆಗಳಿಗೆ ಬೆನ್ನು ಮಾಡಿ ನಿಲ್ಲುತ್ತಾನೆ, ಇನ್ನೊಬ್ಬ ಒಂದನ್ನು ಮುಟ್ಟಿ ‘ಇದ್ಯಾರ್ಗೆ?’ ಎನ್ನುತ್ತಾನೆ, ಬೆನ್ನು ಮಾಡಿದವನು ಹೆಸರು ಕೂಗುತ್ತಾನೆ. ಯಾವ ಗುಡ್ಡೆ ಯಾರ ಪಾಲೆಂದು ಗೊತ್ತಿಲ್ಲದ್ದರಿಂದ ಹಾಕುವವನು ಎಲ್ಲವನ್ನೂ ಸಮ ಹಾಕಲೇಬೇಕು. ಸಂತೆಯಿಂದ ನೇರ ತಂದದ್ದರಿಂದ ಅಂಗಡಿಯ ಬಾಡಿಗೆಯೂ ಬೋರ್ಡಿನ ಖರ್ಚೂ ತಪ್ಪುತ್ತವೆ. ಒಂಟಿ ಗಿರಾಕಿ ಹುಡುಕಿ ಸಿಗದ ಅಗ್ಗ ಇಲ್ಲಿ ಹತ್ತು ಮನೆ ಒಟ್ಟಾಗಿ ಸಿಕ್ಕಿದೆ.

ಒಂದೇ ದಿನ ಅಷ್ಟು ದುಡ್ಡು ಹೊಂದಿಸಲಾಗದವರಿಗೆ ಚೀಟಿ ಇದೆ. ವರ್ಷಪೂರ್ತಿ ಕಂತು ಕಟ್ಟಿದರೆ ಹಬ್ಬಕ್ಕೆ ಬಾಡು ಮನೆಗೆ ಬರುತ್ತದೆ. ಮಕ್ಕಳ ಫೀಸಿಗೆ ಕಂತು ತಪ್ಪಿಸುವವರೂ ಹೊಸತೊಡಕಿನ ಚೀಟಿಗೆ ತಪ್ಪಿಸುವುದಿಲ್ಲ.

6. ಎಸರಿನ ಅರ್ಥಶಾಸ್ತ್ರ

ಅರ್ಧ ಕೆಜಿ ಮಾಂಸ, ಆರು ಜನ. ಪಾಶ್ಚಾತ್ಯ ಪದ್ಧತಿಯಲ್ಲಿ ಇದಕ್ಕೆ ಪರಿಹಾರವಿಲ್ಲ, ನಮ್ಮಲ್ಲಿ ಎಸರಿದೆ. ಎಲುಬು, ನರದ ಗಟ್ಟಿ ಕೊಲಾಜೆನ್ ನಿಧಾನಕ್ಕೆ ಬೆಂದಾಗ ಜೆಲಟಿನ್ನಾಗಿ ಕರಗಿ ಸಾರಿಗೆ ಮೈ ಕೊಡುತ್ತದೆ. ಹಾಗಾಗಿ ಅಂಗಡಿಯವನು ಮೂಳೆ ಹಾಕಿದ್ದಕ್ಕೆ ಜಗಳವಾಡುವುದು ಆತುರದ ಕೆಲಸ. ಕುಕ್ಕರಿನೊಳಗೆ ಶಾಖ 120 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಹೋಗುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಬಲಿತ ಕುರಿಯಾದರೆ ಹಸಿ ಪರಂಗಿಕಾಯಿಯ ಎರಡು ಹೋಳು ಅರೆದು ಸವರಿಟ್ಟರೆ ಅದರ ಪಪೇನ್ ಎಂಬ ಕಿಣ್ವ ಮಾಂಸವನ್ನು ಮೆತ್ತಗಾಗಿಸುತ್ತದೆ; ಇಟ್ಟು ಮರೆತರೆ ಹಿಟ್ಟಾಗಿಸುತ್ತದೆ.

ಆಮೇಲೆ ವಿಸ್ತರಣೆ. ಮಾಗಿಯಲ್ಲಿ ಅವರೆಕಾಳು, ಉಳಿದ ಕಾಲದಲ್ಲಿ ನುಗ್ಗೆಕಾಯಿ, ಮೂಲಂಗಿ, ಆಲೂಗಡ್ಡೆ. ಕೈಮಾ ಉಂಡೆಗೆ ಹುರಿಗಡಲೆ ಹಿಟ್ಟು. ಕೊಬ್ಬಿನ ರುಚಿ ಹೀರಿಕೊಂಡ ಆಲೂಗಡ್ಡೆಯನ್ನು ಕತ್ತಲಲ್ಲಿ ಮಾಂಸವೆಂದು ನಂಬಿ ಅಗಿದವರುಂಟು. ಖಾರ ತುಸು ಮುಂದಾಗಿರಬೇಕು: ಖಾರ ಜಾಸ್ತಿಯಾದಷ್ಟೂ ಮುದ್ದೆ ಹೆಚ್ಚು ಇಳಿಯುತ್ತದೆ, ಮುದ್ದೆ ಹೆಚ್ಚು ಇಳಿದಷ್ಟೂ ತುಂಡು ಕಡಿಮೆ ಸಾಕಾಗುತ್ತದೆ. ಎಸರು ಕೊನೆಗೂ ಉಳಿದರೆ ಮಾರನೆಯ ಬೆಳಗ್ಗೆ ದೋಸೆಗೆ. ಆಗ ಅದು ಮೊದಲ ದಿನಕ್ಕಿಂತ ರುಚಿ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ.

7. ಮಿತಿಗಳು

ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಪ್ರಾಥಮಿಕ ಆಕರಗಳೆಲ್ಲ ಅದೇ ಮಧ್ಯಾಹ್ನ ಖರ್ಚಾದ ಕಾರಣ ಮರುಪರಿಶೀಲನೆಗೆ ಲಭ್ಯವಿಲ್ಲ. ನಲ್ಲಿ ಮೂಳೆಯ ಹಂಚಿಕೆ ಕುರಿತ ಅಧ್ಯಾಯವನ್ನು ಕುಟುಂಬದೊಳಗಿನ ಭಿನ್ನಮತದಿಂದಾಗಿ ಕೈಬಿಡಲಾಗಿದೆ. ಕೀರ್ತಿ–ಬೆಲೆ ಪ್ರಮೇಯ ನಿಜವಾದರೆ ಈ ಪ್ರಬಂಧದ ಪ್ರಕಟಣೆಯೇ ಬೋಟಿಯ ಬೆಲೆ ಏರಿಸೀತು ಎಂಬ ಆಕ್ಷೇಪವನ್ನು ಮಾರ್ಗದರ್ಶಕರು ಎತ್ತಿದ್ದಾರೆ. ಅವರ ಸೂಚನೆಯ ಮೇರೆಗೆ, ಕಡಿಮೆ ಬೆಲೆಗೆ ತೊಳೆದು ಕೊಡುವ ಅಂಗಡಿಗಳ ವಿಳಾಸ ಮತ್ತು ಸಮಯವಿದ್ದ ಅನುಬಂಧವನ್ನು ಈ ಪ್ರತಿಯಿಂದ ತೆಗೆಯಲಾಗಿದೆ. ಆ ಪುಟ ಸದ್ಯ ಮಾರ್ಗದರ್ಶಕರ ಬಳಿ ಇದ್ದು, ಭಾನುವಾರ ಬೆಳಗ್ಗೆ ಅವರು ಫೋನಿಗೆ ಸಿಗುತ್ತಿಲ್ಲ.