ಹುತ್ತೂರು ಹೋಬಳಿಯ ರೇಸುಗಾರರಿಗೆ ಹೆಲ್ಮೆಟ್ ಆಯ್ಕೆ: ತಜ್ಞರ ಸಲಹೆ

ನಮ್ಮ ಅಕ್ಕನ ಮಗ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ವಾರಕ್ಕೆ ಐದು ದಿನ ಕಾರಿನಲ್ಲಿ ಕೂತು, ನಡೆದುಹೋಗುವವರನ್ನು ಮುಂದೆ ಬಿಟ್ಟು, ಹಿಂದೆ ಆಫೀಸಿಗೆ ಹೋಗುತ್ತಾನೆ. ಇದರಿಂದ ಅವನಿಗೊಂದು ಕಾಯಿಲೆ ಅಂಟಿಕೊಂಡಿದೆ. ಅದರ ಹೆಸರು ಟ್ರ್ಯಾಕ್ ಡೇ. ಸ್ವಂತ ಕಾರನ್ನು ಸ್ವಂತ ಖರ್ಚಿನಲ್ಲಿ ರೇಸಿನ ಟ್ರ್ಯಾಕಿಗೆ ಒಯ್ದು, ಮೇಲೆ ಫೀಸು ಕಟ್ಟಿ, ಯಾರನ್ನೂ ಗೆಲ್ಲದೆ, ಯಾವ ಊರಿಗೂ ಹೋಗದೆ, ಹೊರಟ ಜಾಗಕ್ಕೇ ಸುತ್ತಿ ಸುತ್ತಿ ಬರುವುದು. ನಮ್ಮಲ್ಲಿ ಈ ಕೆಲಸವನ್ನು ಹಿಂದೆ ಗಾಣದ ಎತ್ತು ಮಾಡುತ್ತಿತ್ತು. ಅದಕ್ಕೆ ಫೀಸು ಇರಲಿಲ್ಲ, ಕೊನೆಗೆ ಒಂದಿಷ್ಟು ಎಣ್ಣೆಯೂ ಬರುತ್ತಿತ್ತು.

ಅವನ ಟ್ರ್ಯಾಕು ಇರುವುದು ಚೆನ್ನೈ ಕಡೆ, ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ. 1990ರಲ್ಲಿ ಶುರುವಾದದ್ದು, ಒಂದು ಸುತ್ತಿಗೆ 3.717 ಕಿಲೋಮೀಟರ್. ಬೆಂಗಳೂರಿನಿಂದ ಅಲ್ಲಿಗೆ ಹೋಗುವ ಹಳೇ ಮದ್ರಾಸು ರಸ್ತೆ ಕೋಲಾರ, ಮುಳಬಾಗಿಲು, ನಂಗಲಿ ದಾಟಿಕೊಂಡೇ ಹೋಗುತ್ತದೆ. ಹಾಗಾಗಿ ಮುಳಬಾಗಿಲಿನ ದೋಸೆಯನ್ನು ಮೋಟಾರು ಕ್ರೀಡೆಯ ಒಂದು ಅಂಗವೆಂದು ಪರಿಗಣಿಸಬೇಕೆಂದು ನಾನು ಮೊದಲಿನಿಂದಲೂ ವಾದಿಸುತ್ತ ಬಂದಿದ್ದೇನೆ.

"ಮಾವ, ಟ್ರ್ಯಾಕಿಗೊಂದು ಹೆಲ್ಮೆಟ್ ತಗೋಬೇಕು. ನೀನೂ ಅಂಗಡಿಗೆ ಬಾ" ಎಂದು ಫೋನು ಮಾಡಿದ.

ನನ್ನನ್ನೇ ಯಾಕೆ ಕರೆದ ಎಂದು ಕೆಲವರಿಗೆ ಅನಿಸಬಹುದು. ಅದಕ್ಕಾಗಿ ನನ್ನ ಅರ್ಹತೆಗಳನ್ನು ಇಲ್ಲಿ ದಾಖಲಿಸುತ್ತೇನೆ. ಇಪ್ಪತ್ತಾರು ವರ್ಷಗಳಿಂದ ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬೆಳಿಗ್ಗೆ ಸಂಜೆ ಡೈರಿಗೆ ಹಾಲು, ಹಗಲು ಸೀಮೆಹುಲ್ಲು, ಸೀಸನ್ನಿನಲ್ಲಿ ಟೊಮೆಟೊ ಬಾಕ್ಸು ಸಾಗಿಸಿದ್ದೇನೆ. ಈ ಅವಧಿಯಲ್ಲಿ ಐದು ಹೆಲ್ಮೆಟ್ ಕೊಂಡಿದ್ದೇನೆ. ಮೊದಲನೆಯದು ಹಿಪ್ಪುನೇರಳೆ ತೋಟದಲ್ಲಿ ಕಳೆದುಹೋಯಿತು. ಎರಡನೆಯದರಲ್ಲಿ ನಮ್ಮ ಅಮ್ಮ ಬೆಳ್ಳುಳ್ಳಿ ಹಾಕಿಟ್ಟಿದ್ದಾರೆ. ಮೂರನೆಯದನ್ನು ಮದುವೆ ಮನೆಯಲ್ಲಿ ಯಾರೋ ಬದಲಾಯಿಸಿಕೊಂಡು ಹೋದರು, ಅವರು ಬಿಟ್ಟುಹೋದದ್ದೇ ನಾಲ್ಕನೆಯದು. ಅದಕ್ಕೂ ದುಡ್ಡು ಕೊಟ್ಟ ಲೆಕ್ಕವೇ. ಐದನೆಯದು ಗಾಡಿಯ ಬಲಗಡೆ ಕನ್ನಡಿಗೆ ನೇತಾಡುತ್ತಿದೆ. ತಲೆ ಮಾತ್ರ ಮೊದಲಿನದೇ.

ಹೆಲ್ಮೆಟ್ ಕೊಳ್ಳುವ ಮುಂಚೆ ಅದು ಯಾವುದರಿಂದ ರಕ್ಷಣೆ ಕೊಡಬೇಕು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ನಮ್ಮ ಹೋಬಳಿಯಲ್ಲಿ ಇದರ ಬಗ್ಗೆ ಗೊಂದಲವಿಲ್ಲ. ಹೆಲ್ಮೆಟ್ ಐನೂರು ರೂಪಾಯಿಯನ್ನು ರಕ್ಷಿಸುತ್ತದೆ. ಕೇಂದ್ರದ ಕಾಯ್ದೆಯಲ್ಲಿ ದಂಡ ಸಾವಿರ ಎಂದಿದೆ. ಕರ್ನಾಟಕ ಸರ್ಕಾರ ಅದನ್ನು ಐನೂರಕ್ಕೆ ಇಳಿಸಿ ನಮ್ಮ ತಲೆಗಳ ಬೆಲೆಯನ್ನು ಕೈಗೆಟುಕುವಂತೆ ಮಾಡಿತು. ಕೋಲಾರದ ಕ್ಲಾಕ್ ಟವರ್ ಇನ್ನೂರು ಮೀಟರ್ ದೂರ ಇರುವಾಗ ಒಂದು ಕೈಯಲ್ಲಿ ಗಾಡಿ ಹಿಡಿದು ಇನ್ನೊಂದು ಕೈಯಲ್ಲಿ ಹೆಲ್ಮೆಟ್ ತಲೆಗೇರಿಸುವುದು, ಸರ್ಕಲ್ ದಾಟಿದ ಮೇಲೆ ಮತ್ತೆ ಕನ್ನಡಿಗೆ ಸಿಕ್ಕಿಸುವುದು. ರೇಸಿನಲ್ಲಿ ಟೈರು ಬದಲಾಯಿಸಲು ಕಾರು ನಿಲ್ಲಿಸಬೇಕಂತೆ. ನಾವು ಗಾಡಿ ನಿಲ್ಲಿಸುವುದೇ ಇಲ್ಲ.

ನನ್ನ ಐದನೆಯ ಹೆಲ್ಮೆಟ್ಟನ್ನು ಹೆದ್ದಾರಿ ಬದಿಯಲ್ಲಿ, ಕೋಲಿಗೆ ನೇತುಹಾಕಿ ಮಾರುವವರ ಹತ್ತಿರ ಇನ್ನೂರು ರೂಪಾಯಿಗೆ ಕೊಂಡೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂಬ ನಿಯಮ ನನಗೆ ಗೊತ್ತಿತ್ತು. ಹಾಗಾಗಿ ಐಎಸ್‌ಐ ಇದೆಯಾ ಎಂದು ಗಟ್ಟಿಯಾಗಿಯೇ ಕೇಳಿದೆ. ಆತ ಚೀಲದಿಂದ ಸ್ಟಿಕ್ಕರಿನ ಹಾಳೆ ತೆಗೆದು, "ಐಎಸ್‌ಐ ಐತೆ, ಆಂಜನೇಯ ಐತೆ, ಅಪ್ಪು ಐತೆ, ಯಾವುದು ಹಾಕ್ಲಿ ಸಾರ್?" ಎಂದ. ಮೂರನ್ನೂ ಹಾಕಿಸಿಕೊಂಡೆ. ರಕ್ಷಣೆಯ ವಿಚಾರದಲ್ಲಿ ಜಿಪುಣತನ ಕೂಡದು.

ಅಕ್ಕನ ಮಗ ಹೇಳುವುದೇ ಬೇರೆ. ಅವನಿಗೆ ಬೇಕಾದದ್ದು ಸ್ನೆಲ್ ಸ್ಟಿಕ್ಕರು. ಅಮೆರಿಕದಲ್ಲಿ 1956ರಲ್ಲಿ ಪೀಟ್ ಸ್ನೆಲ್ ಎಂಬ ಹವ್ಯಾಸಿ ರೇಸುಗಾರ ಕಾರು ಮಗುಚಿ ಸತ್ತ. ತಲೆಯ ಮೇಲೆ ಹೆಲ್ಮೆಟ್ ಇತ್ತು, ಆದರೂ ತಲೆ ಉಳಿಯಲಿಲ್ಲ. ಮಾರನೆಯ ವರ್ಷ ಅವನ ಗೆಳೆಯರು ಸೇರಿ ಅವನ ಹೆಸರಿನಲ್ಲಿ ಒಂದು ಸಂಸ್ಥೆ ಕಟ್ಟಿ, ಹೆಲ್ಮೆಟ್‌ಗಳನ್ನು ಎತ್ತರದಿಂದ ಕಬ್ಬಿಣದ ದಿಮ್ಮಿಯ ಮೇಲೆ ಬೀಳಿಸಿ ಪರೀಕ್ಷೆ ಮಾಡಲು ಶುರುವಿಟ್ಟರು. ಇವತ್ತಿಗೂ ಬೀಳಿಸುತ್ತಿದ್ದಾರೆ. ನಮ್ಮಲ್ಲಿ ಹುಡುಗರು ಹೀಗೆ ಸತ್ತರೆ ಗೆಳೆಯರು ಸೇರಿ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ಫೋಟೋದಲ್ಲಿ ಹುಡುಗ ಅದೇ ಬೈಕಿನ ಮೇಲೆ ಕೂತಿರುತ್ತಾನೆ, ತಲೆಗೆ ಏನೂ ಹಾಕಿಕೊಂಡಿರುವುದಿಲ್ಲ, ಕೂಲಿಂಗ್ ಗ್ಲಾಸು ಇರುತ್ತದೆ.

ಸ್ನೆಲ್‌ನವರು ಸುಮಾರು ಐದು ವರ್ಷಕ್ಕೊಮ್ಮೆ, ನಮ್ಮ ಪಂಚಾಯ್ತಿ ಎಲೆಕ್ಷನ್ನಿನ ಹಾಗೆ, ಹೊಸ ಮಾನದಂಡ ತರುತ್ತಾರೆ. 2015, 2020, 2025 ಎಂದು ವರ್ಷವನ್ನು ಸ್ಟಿಕ್ಕರಿನ ಮೇಲೆಯೇ ಬರೆದಿರುತ್ತಾರೆ. ವರ್ಷಕ್ಕೆ ಮುಂಚೆ ಇಂಗ್ಲಿಷಿನ ಅಕ್ಷರ. ಎಂ ಎಂದಿದ್ದರೆ ಮೋಟಾರ್ ಸೈಕಲ್ಲಿಗೆ, ಕೆ ಎಂದಿದ್ದರೆ ಗೋ ಕಾರ್ಟಿಗೆ, ಎಸ್‌ಎ ಎಂದಿದ್ದರೆ ಕಾರು ರೇಸಿಗೆ. ಕಟ್ಟುನಿಟ್ಟಿನ ಆಯೋಜಕರಾದರೆ ಟ್ರ್ಯಾಕಿಗೆ ಬಿಡುವ ಮುಂಚೆ ಹೆಲ್ಮೆಟ್ಟಿನ ಒಳಗಿನ ಅಸ್ತರು ಎತ್ತಿ ಈ ಸ್ಟಿಕ್ಕರು ಓದುತ್ತಾರಂತೆ. ಸ್ಟಿಕ್ಕರನ್ನು ಹೀಗೆ ಯಾರಿಗೂ ಕಾಣದ ಜಾಗದಲ್ಲಿ ಅಂಟಿಸುವುದು ಯಾವ ಬುದ್ಧಿವಂತಿಕೆ ಎಂದು ನಾನು ಕೇಳಿದೆ. ಕಾಣದಿದ್ದರೆ ಪೊಲೀಸರು ಹೇಗೆ ನೋಡಬೇಕು?

ಬೈಕಿನ ಹೆಲ್ಮೆಟ್ಟನ್ನೇ ಕಾರಿಗೆ ಹಾಕಿಕೊಂಡರೆ ಏನು ಗಂಟು ಹೋಗುತ್ತದೆ ಎಂಬುದು ಸಹಜ ಪ್ರಶ್ನೆ. ಬೈಕಿನವನು ಬಿದ್ದರೆ ಬೈಕಿನಿಂದ ದೂರ ಹೋಗಿ ಬೀಳುತ್ತಾನೆ. ಕಾರಿನವನು ಕಾರಿನ ಒಳಗೇ ಸಿಕ್ಕಿಕೊಂಡಿರುತ್ತಾನೆ, ತಲೆಯ ಪಕ್ಕದಲ್ಲೇ ಕಬ್ಬಿಣದ ಕಂಬಿ, ಮುಂದೆ ಹಿಂದೆ ಪೆಟ್ರೋಲು. ಆದ್ದರಿಂದ ಎಸ್‌ಎ ಹೆಲ್ಮೆಟ್ಟಿನ ಅಸ್ತರು ಬೆಂಕಿ ಹತ್ತಿಕೊಳ್ಳದ ಬಟ್ಟೆಯದಾಗಿರಬೇಕು, ಕಂಬಿಗೆ ಬಡಿದಾಗಿನ ಪರೀಕ್ಷೆಯೂ ಪಾಸಾಗಿರಬೇಕು. ಎಂ ಹೆಲ್ಮೆಟ್ಟಿಗೆ ಬೆಂಕಿಯ ಪರೀಕ್ಷೆ ಇಲ್ಲ.

ಇದನ್ನು ಕೇಳಿದಾಗ ನನಗೆ ಗಾಬರಿಯಾಯಿತು. ಯಾಕೆಂದರೆ ಸುಗ್ಗಿಯ ಕಾಲದಲ್ಲಿ ನಮ್ಮ ಟಾರು ರಸ್ತೆಯ ಮೇಲೆ ರಾಗಿ, ಹುರುಳಿ, ಅವರೆ ಹರಡಿರುತ್ತಾರೆ. ಕಣ ಮಾಡಿ, ಸಗಣಿ ಸಾರಿಸಿ, ಗುಂಡು ಹೊಡೆಯುವ ಕಷ್ಟ ಯಾರಿಗೆ ಬೇಕು? ಸರ್ಕಾರಿ ಬಸ್ಸು ಬಿಟ್ಟಿಯಾಗಿ ಒಕ್ಕಣೆ ಮಾಡಿಕೊಟ್ಟು ಹೋಗುತ್ತದೆ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್ ತಾಕಿ, ಕಾರು ಧಗ್ಗೆಂದ ಸುದ್ದಿ ರಾಜ್ಯದ ಯಾವುದಾದರೂ ಮೂಲೆಯಿಂದ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಆದ್ದರಿಂದ ಎಸ್‌ಎ ಹೆಲ್ಮೆಟ್ಟು ಇರುಂಗಾಟ್ಟುಕೋಟೈಗಿಂತ ಹುತ್ತೂರಿಗೇ ಹೆಚ್ಚು ಅಗತ್ಯ ಎಂಬುದು ನನ್ನ ವೃತ್ತಿಪರ ಅಭಿಪ್ರಾಯ.

ಎರಡೂ ಟ್ರ್ಯಾಕುಗಳನ್ನು ಹೋಲಿಸಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಎದುರಿನಿಂದ ಹಾಲಿನ ಟ್ಯಾಂಕರು ಬರುವುದಿಲ್ಲ, ಕರು ಹುಡುಕಿಕೊಂಡು ಹಸು ಬರುವುದಿಲ್ಲ, ರಾತ್ರಿ ದೀಪವಿಲ್ಲದ ಟ್ರ್ಯಾಕ್ಟರು ಬರುವುದಿಲ್ಲ. ಯಾರಾದರೂ ಮುಂದೆ ಕೆಟ್ಟು ನಿಂತರೆ ಹಳದಿ ಬಾವುಟ ಬೀಸುತ್ತಾರೆ. ಇಲ್ಲಿ ಲಾರಿ ಕೆಟ್ಟರೆ ಹೊಂಗೆ ಕೊಂಬೆ ಮುರಿದು ಹಿಂದೆ ಹಾಕುತ್ತಾರೆ, ಲಾರಿ ರಿಪೇರಿಯಾಗಿ ಹೋದ ಮೇಲೂ ಕೊಂಬೆ ಒಂದು ವಾರ ಅಲ್ಲೇ ಇದ್ದು ತನ್ನ ಕರ್ತವ್ಯ ಮಾಡುತ್ತದೆ. ಅಲ್ಲಿ ಯಾರಿಗೂ ಏನೂ ಆಗುವ ಮೊದಲೇ ಆಂಬುಲೆನ್ಸ್ ಬಂದು ನಿಂತಿರುತ್ತದೆ. ಇಷ್ಟೆಲ್ಲ ಅನುಕೂಲ ಇರುವ ಕಡೆ ನಲವತ್ತು ಸಾವಿರದ ಹೆಲ್ಮೆಟ್, ಏನೂ ಇಲ್ಲದ ಕಡೆ ಇನ್ನೂರರದು. ಲೆಕ್ಕ ಎಲ್ಲಿಯೋ ತಪ್ಪಿದೆ, ಆದರೆ ಯಾವ ಕಡೆ ಎಂದು ನಾನು ಇನ್ನೂ ಅಧ್ಯಯನ ಮಾಡುತ್ತಿದ್ದೇನೆ.

ಹೌದು, ನಲವತ್ತು ಸಾವಿರ. ಅವನು ಆರಿಸಿಕೊಂಡ ಹೆಲ್ಮೆಟ್ಟಿನ ಬೆಲೆ ಅದು, ಅದಕ್ಕಿಂತ ಎಷ್ಟೋ ದುಬಾರಿಯವೂ ಅಂಗಡಿಯಲ್ಲಿದ್ದವು. ಕೋಲಾರದ ಓದುಗರಿಗೆ ಅರ್ಥವಾಗುವ ನಾಣ್ಯದಲ್ಲಿ ಹೇಳುತ್ತೇನೆ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ ಹದಿನೈದು ಕೇಜಿಯ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಆ ಲೆಕ್ಕದಲ್ಲಿ ಈ ಹೆಲ್ಮೆಟ್ಟಿಗೆ ಇಪ್ಪತ್ತು ಬಾಕ್ಸು. ಬಾಕ್ಸು ನೂರಕ್ಕೆ ಬಿದ್ದಾಗ ನಾನೂರು ಬಾಕ್ಸು, ಅಂದರೆ ಆರು ಟನ್ ಹಣ್ಣು. ಹೆಲ್ಮೆಟ್ ಕೊಳ್ಳುವವರು ಮೊದಲು ಟೊಮೆಟೊ ರೇಟು ನೋಡಿಕೊಳ್ಳಬೇಕು.

ಅರ್ಧ ಹೆಲ್ಮೆಟ್ ವಿಚಾರ ಹೇಳದಿದ್ದರೆ ಈ ಲೇಖನ ಅಪೂರ್ಣ. ಜಪಾನಿನ ಅರಾಯಿ ಕಂಪನಿಯ ಹೆಲ್ಮೆಟ್ ಎಂದರೆ ರೇಸುಗಾರರು ಕಣ್ಣಿಗೊತ್ತಿಕೊಳ್ಳುತ್ತಾರೆ. ಆ ಮನೆತನದವರು ಮೊದಲು ಟೋಪಿ ಮಾಡುತ್ತಿದ್ದರು, ಆಮೇಲೆ ಹೆಲ್ಮೆಟ್ಟಿಗೆ ಬಂದರು. ನಾವು ಹೆಲ್ಮೆಟ್ಟಿನಿಂದ ಶುರು ಮಾಡಿ, ಗದ್ದ ತೆಗೆದು, ಕಿವಿ ತೆಗೆದು, ಗಾಜು ತೆಗೆದು, ಕೊನೆಗೆ ಟೋಪಿಗೆ ಬಂದು ಮುಟ್ಟಿದ್ದೇವೆ.

ಅಂಗಡಿಯಲ್ಲಿ ಅಳತೆ ತೆಗೆದರು. ಹುಬ್ಬಿನಿಂದ ಒಂದು ಬೆರಳು ಮೇಲೆ ಟೇಪು ಸುತ್ತಬೇಕು. ಹುಡುಗನ ತಲೆ ಐವತ್ತೆಂಟು ಸೆಂಟಿಮೀಟರ್ ಬಂತು. ಹೊಸ ಹೆಲ್ಮೆಟ್ ಹಾಕಿಕೊಂಡರೆ ಕೆನ್ನೆ ಎರಡೂ ಕಡೆಯಿಂದ ಒತ್ತಿ ಬಾಯಿ ಮೀನಿನ ಬಾಯಿಯ ಹಾಗಾಗಬೇಕು. ಹೆಲ್ಮೆಟ್ ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆ ಎಳೆದರೆ ತಲೆಯಿಂದ ಕಳಚಬಾರದು. ಅರ್ಧ ಗಂಟೆ ಹಾಕಿಕೊಂಡಿದ್ದು, ಹಣೆಯಲ್ಲಿ ಒಂದೇ ಕಡೆ ನೋವು ಬರುತ್ತದೆಯಾ ನೋಡಿ, ಬಂದರೆ ಬೇರೆ ಆಕಾರದ್ದು ಹುಡುಕಬೇಕು. ಹುಡುಗ ಅರ್ಧ ಗಂಟೆ ಹಾಗೇ ಕೂತ. ನಾನು ಎದುರಿಗೆ ಕೂತು ಎರಡು ಟೀ ಕುಡಿದೆ. ನಮ್ಮ ಮನೆಯಲ್ಲಿ ಒಂದೇ ಹೆಲ್ಮೆಟ್ ನಾಲ್ಕು ತಲೆಗೆ ಸರಿಹೋಗುತ್ತದೆ ಎಂದು ಅಂಗಡಿಯವರಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಅವಿಭಕ್ತ ಕುಟುಂಬ ಅವರಿಗೆ ಗೊತ್ತಿರಲಿಕ್ಕಿಲ್ಲ.

ಹೆಲ್ಮೆಟ್ಟಿನ ಎರಡೂ ಪಕ್ಕದಲ್ಲಿ ಒಂದೊಂದು ತೂತು ಇತ್ತು. ಹಳೇ ಮಾಲು ಎಂದು ನಾನು ವಾಪಸು ಕೊಡಲು ಹೊರಟೆ. ಅದು ಹ್ಯಾನ್ಸ್ ಎಂಬ ಸಾಧನ ಸಿಕ್ಕಿಸಲಂತೆ. ಹೆಗಲ ಮೇಲೆ ಕೂರುವ ಒಂದು ಪಟ್ಟಿ, ಅದರಿಂದ ಹೆಲ್ಮೆಟ್ಟಿಗೆ ಎರಡು ಕಣ್ಣಿ. ಕಾರು ಗೋಡೆಗೆ ಗುದ್ದಿದಾಗ ಮೈಯನ್ನು ಬೆಲ್ಟು ಹಿಡಿಯುತ್ತದೆ, ತಲೆಯನ್ನು ಹಿಡಿಯುವವರು ಯಾರೂ ಇಲ್ಲದೆ ಕತ್ತಿನ ಬುಡ ಮುರಿಯುತ್ತದೆ. ಅದನ್ನು ತಡೆಯುವುದು ಈ ಕಣ್ಣಿಯ ಕೆಲಸ. ನೋಡಿದರೆ ಥೇಟ್ ನೊಗ. ಗಾಣದ ಎತ್ತಿನ ಮಾತನ್ನು ನಾನು ಸುಮ್ಮನೆ ಹೇಳಿರಲಿಲ್ಲ.

ಹೆಲ್ಮೆಟ್ಟಿನ ಒಳಗೆ ಇರುವುದು ಥರ್ಮಾಕೋಲು. ನಲವತ್ತು ಸಾವಿರ ಕೊಟ್ಟು ಥರ್ಮಾಕೋಲು ಕೊಂಡು ಬಂದಿದ್ದೇವೆ ಎಂದು ಅಕ್ಕನಿಗೆ ಹೇಳಬೇಡ ಎಂದು ಹುಡುಗ ಕೇಳಿಕೊಂಡ. ಪೆಟ್ಟು ಬಿದ್ದಾಗ ಅದು ಜಜ್ಜಿಹೋಗಿ ತಲೆಯ ಪಾಲಿನ ಪೆಟ್ಟನ್ನು ತಾನು ತಿನ್ನುತ್ತದೆ. ಒಂದು ಸಲ ಜಜ್ಜಿತೆಂದರೆ ಮುಗಿಯಿತು, ಹೊರಗೆ ಹೊಳೆಯುತ್ತಿದ್ದರೂ ಬಿಸಾಕಬೇಕು. ಕನ್ನಡಿಗೆ ನೇತುಹಾಕಿದ ನನ್ನ ಹೆಲ್ಮೆಟ್ ವಾರಕ್ಕೆರಡು ಸಲ ಬೀಳುತ್ತದೆ. ಆದರೆ ಅದರೊಳಗೆ ಥರ್ಮಾಕೋಲೇ ಇಲ್ಲದ್ದರಿಂದ ಜಜ್ಜುವ ಭಯವಿಲ್ಲ.

ಕೋಲಾರದ ಹತ್ತಿರವೇ ಮಣ್ಣಿನ ಹಾದಿಯಲ್ಲಿ ಬೈಕು ಓಡಿಸುವುದನ್ನು ಕಲಿಸುವ ಬಿಗ್ ರಾಕ್ ಡರ್ಟ್ ಪಾರ್ಕ್ ಇದೆ. ಅದನ್ನು ಕಟ್ಟಿದವರು ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ್‍ಯಾಲಿಯಲ್ಲಿ ಬಿದ್ದು, ತಲೆಗೆ ಪೆಟ್ಟಾಗಿ, ಡಾಕ್ಟರುಗಳು ಔಷಧಿ ಕೊಟ್ಟು ಕೋಮಾದಲ್ಲಿಟ್ಟು, ಆಮೇಲೆ ಎದ್ದು ಬಂದವರು. ಅಂಥವರ ಹತ್ತಿರ ಕಲಿಯಲು ಬರುವವರು ತಲೆಯಿಂದ ಕಾಲಿನವರೆಗೆ ಕವಚ ತೊಟ್ಟೇ ಮಣ್ಣಿಗಿಳಿಯುತ್ತಾರೆ. ಇತ್ತ ಮಾಲೂರಿನ ಕಡೆ ಚೆನ್ನೈ ಎಕ್ಸ್‌ಪ್ರೆಸ್ ಹೈವೇಯಲ್ಲಿ, ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡಿನ ಕೆಳಗೆ ಹುಡುಗರು ಬೈಕು ನಿಲ್ಲಿಸಿ, ತಲೆ ಬಾಚಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರಿಗೆ ನಾನು ಯಾವ ಹೆಲ್ಮೆಟ್ಟನ್ನೂ ಶಿಫಾರಸು ಮಾಡಿಲ್ಲ, ಯಾರೂ ಕೇಳಿಲ್ಲ.

ಹೋದ ಭಾನುವಾರ ಹುಡುಗ ಟ್ರ್ಯಾಕ್ ಡೇ ಮುಗಿಸಿಕೊಂಡು ವಾಪಸು ಹೋಗುವಾಗ ಊರಿಗೆ ಬಂದ. ಹೆಲ್ಮೆಟ್ಟನ್ನು ಅದರ ಮೆತ್ತನೆ ಚೀಲದಿಂದ ತೆಗೆದು ತೋರಿಸಿದ. ಇಡೀ ದಿನ ಸುತ್ತಿದ್ದಾನೆ, ಎಲ್ಲಿಯೂ ಏನೂ ಆಗಿಲ್ಲ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ಬಿಗಿ ಐತಲ್ಲೋ, ಒಳಗೆ ಗಾಳಿ ಎಂಗೆ ಆಡ್ತದೆ?" ಎಂದರು. ಆಮೇಲೆ ಬಿಸಿಲು ತಾಕಬಾರದೆಂದು ಮಂಚದ ಮೇಲಿಟ್ಟು ಟವಲು ಹೊದಿಸಿದರು. ಕಾಫಿಗೆ ಹಾಲು ಸಾಲದೆ ಬಂದದ್ದರಿಂದ ಹುಡುಗ ನನ್ನ ಎಕ್ಸ್‌ಎಲ್ ಹತ್ತಿದ. ಕನ್ನಡಿಯಲ್ಲಿದ್ದ ನನ್ನ ಐದನೆಯದನ್ನು ತೋರಿಸಿದೆ.

"ಇಲ್ಲೇ ಡೈರಿಗೆ ತಾನೆ, ಮಾವ" ಎಂದ.

ಅರಳಿಕಟ್ಟೆಯ ತಿರುವಿನಲ್ಲಿ ರಾಗಿ ಹರಡಿದ್ದರು. ಕಾಲು ಗಂಟೆ ಬಿಟ್ಟು ಮೊಣಕೈ ತರಚಿಕೊಂಡು, ಹಣೆಯ ಮೇಲೆ ಕೋಳಿಮೊಟ್ಟೆ ಗಾತ್ರದ ಬುಗುಟು ಎಬ್ಬಿಸಿಕೊಂಡು, ಗಾಡಿ ತಳ್ಳಿಕೊಂಡು ಬಂದ. ಹಾಲು ಪೂರ್ತಿ ಚೆಲ್ಲಿತ್ತು. ಅಮ್ಮ ಅರಿಸಿನ ತರಲು ಒಳಗೆ ಓಡಿದರು. ನಾನು ಮೊದಲು ಹೋಗಿ ಟವಲು ಸರಿಸಿ ಪರೀಕ್ಷಿಸಿದೆ. ಹೆಲ್ಮೆಟ್ಟಿನ ಮೇಲೆ ಒಂದು ಗೀರೂ ಇರಲಿಲ್ಲ. ಒಳ್ಳೇ ಮಾಲು.