ಭಲ್ಲೂಕ-ವಲ್ಮೀಕ ವಿಚಾರ

ಪೂರ್ವಪಕ್ಷ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಪಂಚತಾಲ್ಲೂಕುಗಳಲ್ಲಿ ಕರಡಿಗೇನು ಕೆಲಸ? ಹೀಗೆ ಕೇಳುವವರು ಶೇಂಗಾ ಬಿತ್ತಿದವರು. ಅವರ ಸಿಟ್ಟಿಗೆ ಗಟ್ಟಿ ಕಾರಣವಿದೆ. ಆದ್ದರಿಂದ ವಿದ್ವತ್ ಪದ್ಧತಿಯಂತೆ ಅದನ್ನು ಬದಿಗಿಟ್ಟು ಮುಂದುವರಿಯುತ್ತೇವೆ.

ಸಿದ್ಧಾಂತ: ಪಹಣಿಯನ್ನು ಗೆದ್ದಲು ತಿನ್ನುತ್ತದೆ, ಗೆದ್ದಲನ್ನು ಕರಡಿ ತಿನ್ನುತ್ತದೆ. ಅಂದಮೇಲೆ ಕರಡಿಯನ್ನು ಕಂದಾಯ ಇಲಾಖೆಯ ದಾಖಲೆ ಕೊಠಡಿಗೆ ನೇಮಿಸುವುದೇ ನ್ಯಾಯ. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇಷ್ಟು ಸಲ ಕಡತ ಸಾಗಿಸಿದವರು ಗೆದ್ದಲನ್ನು ಬಿಟ್ಟು ಬಂದಿರಲಾರರು.

ಇನ್ನು ಅಭ್ಯರ್ಥಿಯ ಅರ್ಹತೆ. ಗುಡೇಕೋಟೆಯ ಬಂಡೆಗಳ ನಡುವೆ ಹೊತ್ತು ಮುಳುಗಿದ ಮೇಲೆ ಅದು ಹುತ್ತವನ್ನು ಮೊದಲು ಮೂಸುತ್ತದೆ. ಬಾಗಿದ ಉದ್ದುಗುರಿನಿಂದ ಕಲ್ಲಿನಂಥ ಮಣ್ಣನ್ನು ಕೆಡವುತ್ತದೆ. ಮೂತಿ ತೂರಿಸಿ ಉಫ್ಫೆಂದು ಊದಿ ದೂಳು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಸಡಿಲ ತುಟಿಗಳನ್ನು ಕೊಳವೆ ಮಾಡಿ, ಸೊರ್ರೆಂದು ಹೀರುತ್ತದೆ. ಮೇಲ್ದವಡೆಯ ನಟ್ಟನಡುವಿನ ಎರಡು ಬಾಚಿಹಲ್ಲು ಇಲ್ಲವೇ ಇಲ್ಲ. ಅಂಗುಳ ಗುಳಿಬಿದ್ದಿದೆ. ಗೆದ್ದಲಿಗೆ ಆ ಕಂಡಿಯೇ ರಾಜಮಾರ್ಗ. ನೂರು ಮೀಟರಿನಾಚೆಗೂ ಕೇಳುವ ಆ ಸದ್ದಿನ ಮುಂದೆ ಪಂಕ್ತಿಯಲ್ಲಿ ಪಾಯಸ ಸುರಿಯುವ ಹಿರಿಯರೂ ತಲೆಬಾಗಬೇಕು.

ಈ ಉಗುರು, ಈ ಹಲ್ಲಿನ ಕಂಡಿ ನೋಡಿಯೇ 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪಂಡಿತರು ಇದನ್ನು ಅಮೆರಿಕದ ಮರಕ್ಕೆ ಜೋತುಬೀಳುವ ಸ್ಲಾತ್‌ನ ಕುಲಕ್ಕೆ ಸೇರಿಸಿಬಿಟ್ಟರು. ಎರಡೇ ವರ್ಷದಲ್ಲಿ ಇನ್ನೊಬ್ಬರು ಬೇರೆ ಕುಲ ಬರೆದುಕೊಟ್ಟರು. ಜಾತಿ ಪ್ರಮಾಣಪತ್ರ ಇಷ್ಟು ಬೇಗ ತಿದ್ದುಪಡಿಯಾದ ನಿದರ್ಶನ ಪಂಚತಾಲ್ಲೂಕುಗಳಲ್ಲಿ ನಮಗೆ ಸಿಗಲಿಲ್ಲ.

ಆಕ್ಷೇಪ: ಕವಳೆ ಹಣ್ಣಾದರೆ ಕರಡಿ ಹುತ್ತದ ಕೆಲಸ ಬಿಟ್ಟು ಪೊದೆ ಸೇರುತ್ತದಲ್ಲ? ಸಮಾಧಾನ: ಅದು ಗಳಿಕೆ ರಜೆ.

ಆಕ್ಷೇಪ: ಹಗಲೆಲ್ಲ ಬಂಡೆ ಸಂದಿಯಲ್ಲಿ ಮಲಗುತ್ತದೆ. ಸಮಾಧಾನ: ಮಧ್ಯಾಹ್ನದ ಕಚೇರಿ ಪದ್ಧತಿಗೆ ಅದು ಹೊಸದಾಗಿ ಒಗ್ಗಿಕೊಳ್ಳಬೇಕಾಗಿಲ್ಲ.

ಆಕ್ಷೇಪ: ಗೆದ್ದಲಿನ ಜೊತೆ ಮರದ ಬೀರುವನ್ನೂ ಬಗೆದುಬಿಟ್ಟರೆ? ಇದಕ್ಕೆ ನಮ್ಮಲ್ಲಿ ಪ್ರಾಮಾಣಿಕ ಉತ್ತರವಿಲ್ಲ. ಕಬ್ಬಿಣದ ಬೀರುಗಳಿಗೆ ಮಂಜೂರಾತಿ ದೊರೆಯುವವರೆಗೆ ಸದರಿ ಕರಡಿಯು, 2013ರಲ್ಲಿ ಘೋಷಿತವಾದ ಗುಡೇಕೋಟೆ ಕರಡಿಧಾಮದಲ್ಲಿಯೇ ಹಂಗಾಮಿಯಾಗಿ ಸೇವೆ ಮುಂದುವರಿಸತಕ್ಕದ್ದು.